ನಾಲ್ಕು ಗೆರೆ, ಒಂದು ಖಾಲಿ ಜಾಗ

— ಇದನ್ನ ಗೋಡೆ ಮೇಲೆ ಬರೀಬೇಕಾ, ಫೋನಲ್ಲಿ ನೋಡ್ಬೇಕಾ?

— ಎರಡೂ ತಾತ. ಗೋಡೆ, ಬ್ಯಾನರ್, ಕರಪತ್ರ, ವಾಟ್ಸಾಪ್, ಟ್ರ್ಯಾಕ್ಟರ್ ಹಿಂದೆ ಅಂಟಿಸೋ ಸ್ಟಿಕ್ಕರ್, ಎಲ್ಲ ಕಡೆ ಒಂದೇ ಗುರುತು ಇರ್ಬೇಕು. ತಾಲ್ಲೂಕಿನ ನಲವತ್ತು ಕೆರೆ, ನಲವತ್ತು ಊರು. ಎಲ್ಲಿ ನೋಡಿದ್ರೂ ‘ಇದು ಆ ಕೆರೆ ಚಳವಳಿಯವರದ್ದು’ ಅಂತ ಗೊತ್ತಾಗ್ಬೇಕು. ಮೂರು ತಿಂಗಳು ಕೂತು ಮಾಡಿದ್ದೀನಿ.

— ಮೂರು ತಿಂಗಳಾ! ತಡಿ, ಕನ್ನಡಕ ಹಾಕ್ಕೊಳ್ತೀನಿ. ಏನೇನೈತೆ ಇದ್ರಾಗೆ... ಎರಡು ಕೈ ಸೇರಿ ಒಂದು ಹನಿ ಹಿಡಿದವೆ. ಹನಿಯೊಳಗೆ ತಾವರೆ. ಈ ಕಡೆ ಬಿಂದಿಗೆ ಹೊತ್ತ ಹೆಂಗಸು. ಅಲ್ಲ ಕಣಮ್ಮ, ಕೈನೂ ಹಾಕಿದ್ದೀಯ, ಕಮಲಾನೂ ಹಾಕಿದ್ದೀಯ, ತಲೆ ಮೇಲೆ ಹೊತ್ತ ಹೆಂಗಸನ್ನೂ ಬಿಟ್ಟಿಲ್ಲ. ಚುನಾವಣೆ ಬಂದ್ರೆ ಮೂರು ಪಕ್ಷದೋರೂ ಬಂದು ಇದೇ ಗೋಡೆ ಮುಂದೆ ಫೋಟೋ ಹೊಡೆಸ್ಕೊಂಡು ಹೋಗ್ತಾರೆ. ಇಲ್ಲಾ, ನೀತಿ ಸಂಹಿತೆ ಅಂತ ಅಧಿಕಾರಿಗಳು ಬಂದು ಸುಣ್ಣ ಬಳೀತಾರೆ.

— ಅಯ್ಯೋ! ನಮ್ಮ ಸಭೇಲಿ ಹನ್ನೊಂದು ಜನ ನೋಡಿದ್ರು ತಾತ, ಒಬ್ಬರಿಗೂ ಹೊಳೀಲಿಲ್ಲ.

— ಚೆನ್ನಾಗೈತೆ ಅನ್ನೋಕೆ ಕರೆದಿದ್ರೆ ಚೆನ್ನಾಗೈತೆ ಅಂತಾರೆ. ಇರ್ಲಿ. ಇಲ್ಲಿ ನೀಲಿ ಕೆಳಗಿಳೀತಾ ಇಳೀತಾ ಹಸಿರಾಗ್ತದಲ್ಲ, ಇದನ್ನ ಗೋಡೆ ಮೇಲೆ ತರೋಕೆ ಬ್ರಷ್ ಪಳಗಿರ್ಬೇಕು. ನಾನಾಗಿದ್ರೆ ಬರೀತಿದ್ದೆ, ಈಗ ಕೈ ನಡುಗ್ತದೆ. ನಲವತ್ತು ಊರಲ್ಲಿ ಬರೆಯೋರು ಯಾರು?

— ಆಯಾ ಊರಿನ ಹುಡುಗ್ರು, ಸ್ತ್ರೀಶಕ್ತಿ ಸಂಘದೋರು, ಶಾಲೆ ಮಕ್ಕಳು.

— ಮತ್ತೆ? ಅವರ ಕೈಗೆ ಬರೋದನ್ನ ಕೊಡು. ನಾನು ಕೆಲಸ ಕಲಿತಿದ್ದೇ ಒಂದು ತ್ರಿಕೋನದಿಂದ. ಕೆಂಪು ತ್ರಿಕೋನ. ಕೇಳಿದ್ದೀಯಾ?

— ಕುಟುಂಬ ಯೋಜನೆಯದ್ದಲ್ವಾ? ನಾವು ಓದೋವಾಗ ಅದರ ಮೇಲೇ ಒಂದು ಪಾಠ ಇತ್ತು. 1960ರ ದಶಕದ ಕೊನೇಲಿ ದೀಪ್ ತ್ಯಾಗಿ ಅನ್ನೋ ಅಧಿಕಾರಿ ದೆಹಲೀಲಿ ಕೂತು ಕಟ್ಟಿದ್ದು. ಒಂದು ತಲೆಕೆಳಗಾದ ಕೆಂಪು ತ್ರಿಕೋನ, ಅಪ್ಪ ಅಮ್ಮ ಮಗ ಮಗಳು ಅಂತ ನಾಲ್ಕು ಮುಖ, ಒಂದು ಚಿಕ್ಕ ಮಾತು. ಅಷ್ಟೇ. ಅದಕ್ಕಿಂತ ಮುಂಚೆ ಒಂದೊಂದು ರಾಜ್ಯ ಒಂದೊಂದು ಥರ ಪೋಸ್ಟರ್ ಮಾಡ್ಕೊಂಡು, ಜನಸಂಖ್ಯೆ, ದೇಶದ ಆರ್ಥಿಕತೆ ಅಂತೆಲ್ಲ ಉದ್ದುದ್ದ ಬರೀತಿತ್ತು. ಆಮೇಲೆ ಅದೇ ತ್ರಿಕೋನ ಬಸ್ಸಿನ ಮೇಲೆ, ಆಸ್ಪತ್ರೆ ಬೋರ್ಡ್ ಮೇಲೆ, 1968ರಲ್ಲಿ ಬಂದ ನಿರೋಧ್ ಪೊಟ್ಟಣದ ಮೇಲೆ. ಆ ಪೊಟ್ಟಣ ಹದಿನೈದು ಪೈಸೆಗೆ ಮೂರು, ಚಹಾಪುಡಿ ಸೋಪು ಮಾರೋ ಕಂಪನಿಗಳೇ ಹಳ್ಳಿ ಅಂಗಡಿಗೆ ಹಂಚ್ತಿದ್ವು.

— ದೆಹಲಿಯಿಂದ ಬಂತು ಅಂತ ನಮಗೇನು ಗೊತ್ತು. ನಮಗೆ ಕೊಟ್ಟಿದ್ದು ಒಂದು ಮೊಳೆ, ಒಂದು ದಾರ, ಒಂದು ಚೂರು ಇದ್ದಿಲು. ಮೇಲಿನ ಗೆರೆ ಎಷ್ಟುದ್ದವೋ ಅಷ್ಟು ದಾರ. ಈ ತುದೀಲಿ ಮೊಳೆ ಹೊಡೆದು ಒಂದು ಸುತ್ತು, ಆ ತುದೀಲಿ ಹೊಡೆದು ಒಂದು ಸುತ್ತು, ಎರಡೂ ಎಲ್ಲಿ ಕೂಡ್ತವೋ ಅಲ್ಲಿ ಕೆಳಗಿನ ಮೂಲೆ. ಸಣ್ಣ ಗೋಡೆಗೆ ಸಣ್ಣದಾರ, ದೊಡ್ಡ ಗೋಡೆಗೆ ದೊಡ್ಡದಾರ. ಲೆಕ್ಕ ಬೇಡ, ಸ್ಕೇಲು ಬೇಡ. ನಂಗೆ ಅಕ್ಷರ ಬರೆಯೋಕೆ ಬರೋ ಮುಂಚೆ ತ್ರಿಕೋನ ಬರೆಯೋಕೆ ಬಂತು. ಮುಖ ಬರೆಯೋನು ಬೇರೆ, ಅವನು ಮೇಸ್ತ್ರಿ.

— ಅಲ್ಲೊಂದು ಮಜಾ ಇದೆ ನೋಡಿ ತಾತ. ಮೊದಲು ‘ಎರಡೋ ಮೂರೋ ಸಾಕು’ ಅಂತಿತ್ತು. ಆಮೇಲೆ ಮೂರು ಬಿಟ್ಟು ಎರಡಕ್ಕೆ ಬಂದ್ರು. ಮಾತು ಬದಲಾಯ್ತು, ತ್ರಿಕೋನ ಬದಲಾಗಲಿಲ್ಲ.

— ಹೂಂ, ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಅಂತ ನಾನೇ ಎಷ್ಟು ಗೋಡೆ ಬರೆದಿದ್ದೀನೋ. ಅದು ಹಿಂದಿಯಿಂದ ಇಳಿಸಿದ ಮಾತಲ್ಲ ನೋಡು, ನಮ್ಮವರ್ಯಾರೋ ಕಟ್ಟಿದ್ದು, ಅದಕ್ಕೇ ಇವತ್ತಿಗೂ ಬಾಯಲ್ಲೈತೆ. ಆದ್ರೆ ನಿಮ್ಮ ಪಾಠದಲ್ಲಿ ಎಪ್ಪತ್ತಾರನೇ ಇಸವಿ ಇತ್ತಾ?

— ತುರ್ತುಪರಿಸ್ಥಿತಿ? ಒಂದು ಸಾಲಲ್ಲಿತ್ತು.

— ಒಂದು ಸಾಲು! ಚೆನ್ನಾಗೈತೆ ನಿಮ್ಮ ಪಾಠ.

— ಆಮೇಲೆ ನಾನೇ ಹುಡುಕಿ ಓದಿದೆ ತಾತ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆ ಆದ್ವು. ಹಿಂದಿನ ವರ್ಷದ್ದಕ್ಕೆ ಮೂರು ಪಟ್ಟು. ಎಷ್ಟೋ ಜನಕ್ಕೆ ಬಲವಂತವಾಗಿ. ಷಾ ಆಯೋಗ ಅದನ್ನೆಲ್ಲ ದಾಖಲು ಮಾಡ್ತು. 1977ರಲ್ಲಿ ಸರ್ಕಾರ ಬದಲಾದ ಮೇಲೆ ‘ಕುಟುಂಬ ಯೋಜನೆ’ ಅನ್ನೋ ಹೆಸರನ್ನೇ ತೆಗೆದು ‘ಕುಟುಂಬ ಕಲ್ಯಾಣ’ ಅಂತ ಮಾಡಿದ್ರು. ತ್ಯಾಗಿಯವರು ಅಷ್ಟು ಹೊತ್ತಿಗೆ ತೀರಿಕೊಂಡಿದ್ರು, 1969ರಲ್ಲೇ. ಅವರು ನೋಡಲಿಲ್ಲ.

— ನಾನು ನೋಡಿದೆ. ನಮ್ಮ ಕಡೆ ಉತ್ತರದಷ್ಟು ಆಗ್ಲಿಲ್ಲ, ಆದ್ರೆ ಸುದ್ದಿ ಬರ್ತಿತ್ತಲ್ಲ. ಒಂದಿನ ಗೋಡೆಗೆ ದಾರ ಹಿಡ್ಕೊಂಡು ನಿಂತಿದ್ದೆ. ಒಂದು ಮುದುಕಿ ಬಂದು ಏನಪ್ಪಾ ಬರೀತೀಯ ಅಂದ್ಳು. ತ್ರಿಕೋನ ಅಜ್ಜಿ ಅಂದೆ. ಒಂದು ಮಾತೂ ಆಡ್ಲಿಲ್ಲ, ಒಳಗೋಗಿ ಸಗಣಿನೀರು ತಂದು ಗೋಡೆಗೆ ಎರಚಿದ್ಳು. ಅರ್ಧ ನನ್ನ ಮೇಲೆ. ಆರು ವರ್ಷ ಅದೇ ತ್ರಿಕೋನ ಬರೆದಿದ್ದೆ, ಒಬ್ರೂ ಏನೂ ಅಂದಿರ್ಲಿಲ್ಲ. ಗೆರೆ ಅದೇ, ಬಣ್ಣ ಅದೇ, ಬರೆಯೋನು ನಾನೇ.

— ಹಾಗಾದ್ರೆ ಗುರುತು ಚೆನ್ನಾಗಿದ್ರೂ ಕಷ್ಟ.

— ಚೆನ್ನಾಗಿದ್ರೇನೇ ಕಷ್ಟ ಕಣಮ್ಮ. ಚೆನ್ನಾಗಿಲ್ದೇ ಇರೋದನ್ನ ಯಾರು ನೆನಪಿಟ್ಕೊಳ್ತಾರೆ? ಈಗ ನಿನ್ನ ಹನಿ, ತಾವರೆ ಎಲ್ಲ ಪಕ್ಕಕ್ಕಿಡು. ಕೆರೇಲಿ ನೀನು ನೋಡಿರೋ ವಸ್ತು ಯಾವುದು ಹೇಳು. ಪುಸ್ತಕದಲ್ಲಲ್ಲ, ಕಣ್ಣಲ್ಲಿ.

— ಏರಿ. ಕೋಡಿ. ಕೋಡಿ ಹತ್ರ ಕಟ್ಟೆ ಮೇಲಿನ ಮುನೇಶ್ವರನ ಗುಡಿ. ತೂಬು.

— ಹಾಂ, ತೂಬು! ಎರಡು ಕಲ್ಲಿನ ಕಂಬ, ಮೇಲೊಂದು ಅಡ್ಡಗಲ್ಲು. ಅಡ್ಡಗಲ್ಲಿನ ತೂತಲ್ಲಿ ಗಳ ಇಳಿಬಿಟ್ಟು ಕೆಳಗಿನ ಬಾಯಿಗೆ ಬೆಣೆ ಹೊಡೆದಿರ್ತಾರೆ. ನೀರಗಂಟಿ ಈಜ್ಕೊಂಡು ಹೋಗಿ ಗಳ ಎತ್ತಿದ್ರೆ ನೀರು ಏರಿ ಕೆಳಗಿನಿಂದ ಕಾಲುವೆಗೆ ಬೀಳ್ತದೆ. ಅದು ಬಿಟ್ರೆ ಕೆರೆ ಅನ್ನೋದು ಬರೀ ಗುಂಡಿ. ಬರಿ ನೋಡಾಣ.

— ಎರಡು ನಿಂತ ಗೆರೆ... ಮೇಲೊಂದು ಅಡ್ಡ... ಕೆಳಗೆ ಏರಿಗೆ ಒಂದು ಬಾಗಿದ ಗೆರೆ. ನಾಲ್ಕೇ!

— ರಂಗೋಲಿ ಹಿಟ್ಟಲ್ಲೂ ಬರೀಬಹುದು. ಸೌದೆ ಕಡ್ಡೀಲಿ ಮಣ್ಣಲ್ಲೂ ಗೀಚಬಹುದು. ಹಳೇ ಎಕ್ಸ್-ರೇ ಹಾಳೆ ಸಿಕ್ರೆ ಬ್ಲೇಡಲ್ಲಿ ಕುಯ್ದು ಅಚ್ಚು ಮಾಡ್ಕೋ, ಸ್ಪಾಂಜಿನ ಚೂರಲ್ಲಿ ಬಣ್ಣ ಒತ್ತಿದ್ರೆ ಆಯ್ತು. ನಡುವೆ ತುಂಡು ಉದುರೋ ಹಂಗೆ ಇಲ್ಲ ಇದ್ರಾಗೆ, ಒಳ್ಳೇದು.

— ಅಳತೆ ಹೇಗೆ ಹೇಳೋದು? ನಾನು ಇಪ್ಪತ್ತಾರು ಪುಟದ ಕೈಪಿಡಿ ಮಾಡಿದ್ದೆ, ಯಾವ ಗೆರೆ ಎಷ್ಟು ಮಿಲಿಮೀಟರ್, ಸುತ್ತ ಎಷ್ಟು ಜಾಗ ಬಿಡಬೇಕು, ಯಾವ ಬಣ್ಣದ ಪಕ್ಕ ಯಾವುದು ಬರಬಾರದು ಅಂತ.

— ಯಾರು ಓದ್ತಾರೆ? ಕಂಬ ಐದು, ನಡುವಿನ ಜಾಗ ಮೂರು, ಗೆರೆ ದಪ್ಪ ಅರ್ಧ. ಗೋಡೆ ಮೇಲೆ ಗೇಣು, ಕಾಗದದ ಮೇಲೆ ಬೆರಳು, ಏರಿ ಮೇಲೆ ಸುಣ್ಣದಲ್ಲಿ ಬರೆದ್ರೆ ಹೆಜ್ಜೆ. ಕರಪತ್ರದ ಹಿಂದೆ ಅಚ್ಚು ಹಾಕ್ಸು, ಸಾಕು.

— ಗೇಣು ಒಬ್ಬೊಬ್ಬರದ್ದು ಒಂದೊಂದು ಥರ ಇರುತ್ತಲ್ಲ?

— ಇರ್ಲಿ, ಒಬ್ಬನ ಗೇಣು ಒಬ್ಬನಿಗೆ ಸರಿಯಾಗೇ ಇರ್ತದೆ.

— ಸರಿ. ಬಣ್ಣ? ಇದರಲ್ಲೇ ನಮ್ಮಲ್ಲಿ ಜಗಳ ಆಗಿದ್ದು. ಹಸಿರು ಅಂದ್ರೆ ರೈತ ಸಂಘದ್ದು ಅಂತಾರೆ. ಕೆಂಪು ಅಂದ್ರೆ ಕಮ್ಯುನಿಸ್ಟರು ಅಂತಾರೆ. ಕೇಸರಿ ಕೇಳೋದೇ ಬೇಡ. ಅರಿಶಿನ ಕುಂಕುಮ ಎರಡೂ ಸೇರಿದ್ರೆ ಕನ್ನಡ ಬಾವುಟ. ಕಾವಿ ಸುಣ್ಣದ ಪಟ್ಟೆ ಹಾಕೋಣ, ಅಗ್ಗ ಅಂತ ಒಬ್ಬರು ಅಂದ್ರು, ಹಾಕಿದ್ರೆ ಗುಡಿ ಗೋಡೆ ಅಂತ ಕೈ ಮುಗೀತಾರೆ. ಕೊನೆಗೆ ನಾನು ಕೆರೆ ಅಲ್ವಾ, ನೀಲಿ ಇರ್ಲಿ ಅಂದೆ.

— ನಮ್ಮ ಕೆರೆ ಯಾವತ್ತು ನೀಲಿ ಇತ್ತು? ಕೆಮ್ಮಣ್ಣಿನ ನೀರು, ಟೀ ಬಣ್ಣ. ಅದಕ್ಕೇನಂದ್ರು?

— ಒಬ್ಬರು ಪಕ್ಕಕ್ಕೆ ಕರೆದು, ನೀಲಿ ಬೇಡಮ್ಮ, ಊರು ಒಡೆಯುತ್ತೆ ಅಂದ್ರು.

— ಓಹೋ. ಊರು ಒಡೆಯೋಕೆ ಬಣ್ಣಕ್ಕೆ ಕಾಯ್ತಾ ಕೂತಿತ್ತಾ? ಅಚ್ಚುಕಟ್ಟಿನ ಕೊನೇ ತುದೀಲಿ ಯಾರ ಹೊಲ ಐತೆ ಅಂತ ಅವರನ್ನ ಕೇಳ್ಬೇಕಿತ್ತು ನೀನು. ನಮ್ಮ ಕಡೆ ನೀರಗಂಟಿ ಕೆಲಸ ತಲತಲಾಂತರದಿಂದ ಮಾಡ್ಕೊಂಡು ಬಂದೋರು ಯಾರು? ರಾತ್ರಿ ಚಳೀಲಿ ತೂಬಿಗೆ ಇಳಿದು ಎಲ್ಲರ ಗದ್ದೆಗೆ ನೀರು ಬಿಟ್ಟೋರು ಅವರು, ಅವರ ಹೊಲಕ್ಕೆ ನೀರು ಮುಟ್ಟೋದು ಕಟ್ಟಕಡೆಗೆ. ತೂಬು ಗುರುತು ಅಂದ್ಮೇಲೆ ಅದು ಅವರ ಗುರುತೇ. ಬಣ್ಣ ಬೇಡ ಅಂದೋರು ತೂಬು ಬೇಡ ಅಂತಾರಾ ನೋಡು.

— ಹಾಗಾದ್ರೆ ನೀಲೀನೇ ಇರ್ಲಾ?

— ಅವರು ಬೇಡ ಅಂದ್ರು ಅಂತ ಬಿಡಲೂ ಬೇಡ, ಹಾಕ್ಲೇಬೇಕು ಅಂತ ಹಟಾನೂ ಬೇಡ.

— ನಂಗೊಂದು ಆಸೆ ಇತ್ತು ತಾತ. ಕೆರೆ ಗೋಡು ತಂದು, ಅದನ್ನೇ ಕಲಸಿ ಬರೆದ್ರೆ? ಆಯಾ ಕೆರೆ ಗೋಡು ಆಯಾ ಊರಿನ ಗೋಡೆಗೆ.

— ಕೇಳೋಕೆ ಚೆಂದ. ಮೊದಲ ಮಳೆಗೇ ಇಳಿದುಹೋಗ್ತದೆ. ಗೋಂದು ಹಾಕ್ತೀಯ, ಅಂಟು ಹಾಕ್ತೀಯ, ಎನಾಮೆಲ್‌ಗಿಂತ ದುಬಾರಿ ಆಗ್ತದೆ.

— ಅಮೆರಿಕದಲ್ಲೊಂದು ಕಾಮನಬಿಲ್ಲಿನ ಬಾವುಟ ಇದೆ, ಸಲಿಂಗಿಗಳ ಹಕ್ಕಿನ ಚಳವಳಿಯದ್ದು. ಗಿಲ್ಬರ್ಟ್ ಬೇಕರ್ ಅಂತ ಒಬ್ಬರು 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದಾಗ ಎಂಟು ಪಟ್ಟೆ ಇತ್ತು. ಬೇಡಿಕೆ ಜಾಸ್ತಿ ಆದಾಗ ಕಡುಗುಲಾಬಿ ಬಟ್ಟೆ ಬೇಕಾದಷ್ಟು ಸಿಗಲಿಲ್ಲ, ಆ ಪಟ್ಟೇನೇ ಬಿಟ್ರು. ಆಮೇಲೆ ಇನ್ನೊಂದು ಪಟ್ಟೇನೂ ಹೋಯ್ತು, ಈಗ ಲೋಕಕ್ಕೆಲ್ಲ ಗೊತ್ತಿರೋದು ಆರು ಪಟ್ಟೆಯದ್ದು.

— ಅಂಗಡೀಲಿ ಇಲ್ದೇ ಇರೋ ಬಣ್ಣ ಬಣ್ಣವೇ ಅಲ್ಲ. ನಮ್ಮ ಸಂತೇಲಿ ಕರಿ, ಕೆಂಪು ಆಕ್ಸೈಡು, ನೀಲಿ ಯಾವಾಗ್ಲೂ ಸಿಗ್ತವೆ.

— ಇನ್ನೊಂದು ನೆನಪಾಯ್ತು. ಶಾಂತಿಯ ಗುರುತು ನೋಡಿದ್ದೀರಲ್ಲ, ವೃತ್ತದೊಳಗೆ ಒಂದು ಉದ್ದ ಗೆರೆ, ಕೆಳಗೆ ಎರಡು ಕವಲು?

— ಹುಡುಗ್ರ ಬನಿಯನ್ ಮೇಲೆ, ಕಿವಿಯೋಲೆ ಮೇಲೆ. ಬೆಂಜ್ ಕಾರಿನ ಗುರುತು ಅಂದ್ಕೊಂಡಿದ್ದೆ.

— ಅದು 1958ರದ್ದು. ಇಂಗ್ಲೆಂಡಿನಲ್ಲಿ ಅಣುಬಾಂಬು ಬೇಡ ಅಂತ ಲಂಡನ್ನಿಂದ ಆಲ್ಡರ್‌ಮಾಸ್ಟನ್‌ಗೆ ಈಸ್ಟರ್ ಹಬ್ಬದ ನಾಲ್ಕು ದಿನ ನಡೆದುಹೋದ್ರು, ಐವತ್ತೆರಡು ಮೈಲಿ. ಜೆರಾಲ್ಡ್ ಹಾಲ್ಟಮ್ ಅಂತ ಕಲಾವಿದರು ಆ ನಡಿಗೆಗೆ ಮಾಡಿದ್ದು. ಬಾವುಟ ಹಿಡಿದು ಸಂಕೇತ ಕಳಿಸ್ತಾರಲ್ಲ, ಅದರ ಎನ್ ಮತ್ತು ಡಿ ಅಕ್ಷರ ಒಂದರ ಮೇಲೊಂದು, ಅಣ್ವಸ್ತ್ರ ತ್ಯಜಿಸಿ ಅನ್ನೋ ಅರ್ಥಕ್ಕೆ. ಕಡ್ಡಿಗೆ ದುಂಡು ರಟ್ಟು ಸಿಕ್ಕಿಸಿ ಐನೂರು ಫಲಕ ಮಾಡಿದ್ರು. ಅರ್ಧ ಕಪ್ಪು-ಬಿಳಿ, ಅರ್ಧ ಹಸಿರು-ಬಿಳಿ. ಶುಕ್ರವಾರ ಶನಿವಾರ ಕಪ್ಪು ಹಿಡಿದ್ರು, ಭಾನುವಾರ ಸೋಮವಾರ ಹಸಿರು. ಚರ್ಚಿನಲ್ಲಿ ಈಸ್ಟರ್‌ಗೆ ಬಣ್ಣ ಬದಲಾಗುತ್ತಲ್ಲ ಹಾಗೆ, ಚಳಿಗಾಲ ಕಳೆದು ವಸಂತ ಬಂದಂತೆ.

— ಆಹಾ! ಅವನು ಕಲಾವಿದ ಕಣಮ್ಮ. ಬಣ್ಣ ಬದಲಾಯ್ಸಿದ್ರೂ ಗುರುತು ಕೆಡ್ಲಿಲ್ಲ ನೋಡು. ನಾವೂ ಹಂಗೇ ಮಾಡಾಣ. ಬೇಸಿಗೇಲಿ ಕೆರೆ ಬತ್ತಿದಾಗ ಕರಿ ಬಣ್ಣ. ಕೋಡಿ ಹರಿದ ಊರು ತನಗೆ ಬೇಕಾದ ಬಣ್ಣ ಬಳ್ಕೊಳ್ಳಲಿ. ನೀಲಿಯಾದ್ರೂ ಹಾಕ್ಲಿ, ಅರಿಶಿನವಾದ್ರೂ ಹಾಕ್ಲಿ. ಒಂದು ಸಲಕ್ಕೆ ಒಂದೇ ಬಣ್ಣ, ಬಿಳೀ ಸುಣ್ಣದ ಮೇಲೆ.

— ಎಷ್ಟು ಕೆರೆಗೆ ಬಣ್ಣ ಬಂತು ಅಂತ ರಸ್ತೇಲಿ ಹೋಗೋರಿಗೇ ಗೊತ್ತಾಗುತ್ತೆ! ಇದು ನಂಗೆ ಹೊಳೆದೇ ಇರ್ಲಿಲ್ಲ.

— ಹೊಗಳಬೇಡ. ಇನ್ನು ಅಕ್ಷರ.

— ಅದೊಂದು ಗೋಳು. ನಾನು ಯೂನಿಕೋಡ್‌ನಲ್ಲಿ ಬರೆದು ಕಳಿಸ್ತೀನಿ, ಪ್ರಿಂಟಿಂಗ್ ಅಂಗಡೀಲಿ ಅವರ ಹಳೇ ತಂತ್ರಾಂಶದಲ್ಲಿ ತೆರೆದ್ರೆ ಒತ್ತಕ್ಷರ ಎಲ್ಲ ಕಿತ್ತು ಬೇರೆ ಬೇರೆ ಆಗಿರುತ್ತೆ. ಚಿತ್ರ ಮಾಡಿ ಕಳಿಸಿದ್ರೆ ಅಕ್ಷರ ಸರಿ ಬರುತ್ತೆ, ಆದ್ರೆ ಆಮೇಲೆ ಊರಿನ ಹೆಸರು ಬದಲಾಯಿಸೋಕೆ ಆಗಲ್ಲ. ನಲವತ್ತು ಊರಿಗೆ ನಲವತ್ತು ಫೈಲ್ ನಾನೇ ಮಾಡ್ಬೇಕು. ದಿನಾ ರಾತ್ರಿ ಹನ್ನೊಂದಕ್ಕೆ ಯಾರಾದ್ರೊಬ್ಬರು ಫೋನ್ ಮಾಡ್ತಾರೆ, ಮೇಡಂ ನಮ್ಮೂರಿಂದು ಬಂದಿಲ್ಲ ಅಂತ.

— ನಿನ್ನ ಬ್ಯಾನರ್ ತೋರ್ಸು. ಏನು, ‘ಕೆರೆ ಸಂರಕ್ಷಣೆ ನಮ್ಮೆಲ್ಲರ ಹೊಣೆ’. ಕೆಳಗೆ ಸಮಿತಿ ಹೆಸರು ಒಂದೂವರೆ ಮಾರು. ಅಲ್ಲ, ‘ಎಲ್ಲರ ಹೊಣೆ’ ಅಂದ್ರೆ ಯಾರ ಹೊಣೆ? ತಹಶೀಲ್ದಾರ್ರು ಇದನ್ನ ಓದಿ, ಹೌದೌದು ಎಲ್ಲರ ಹೊಣೆ ಅಂತ ತಲೆ ಆಡಿಸಿ ಜೀಪು ಹತ್ತುತಾರೆ. ‘ಕ್ಷ’, ‘ಮ್ಮೆ’, ‘ಲ್ಲ’, ಒತ್ತು ಬಂದಷ್ಟೂ ಸಾಲು ಮಧ್ಯೆ ಜಾಗ ಬಿಡ್ಬೇಕು, ಅಕ್ಷರ ಸಣ್ಣದಾಗ್ತದೆ, ಹೊಸಬನ ಕೈಲಿ ಒತ್ತು ಕೆಳಗಿನ ಸಾಲಿಗೆ ತಾಗ್ತದೆ. ಒತ್ತಿಲ್ಲದ ಮಾತು ಹುಡುಕು.

— ‘ಕೆರೆ ಕೋಡಿ ಹರಿಯಲಿ.’

— ...ಎಲ್ಲಿಂದ ತಂದೆ?

— ಈಗ ಬಂತು. ಅಮ್ಮ ಹೇಳ್ತಿದ್ರು, ಕೋಡಿ ಬಿದ್ದ ದಿನ ಊರೆಲ್ಲ ಹೋಗಿ ಬಾಗಿನ ಬಿಡ್ತಿದ್ರು ಅಂತ.

— ಒಂದೂ ಒತ್ತಿಲ್ಲ. ಗಡಿ ಕಡೆ ಊರಲ್ಲಿ ತೆಲುಗಿನವರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಇದು ಗುರುತಿನ ಮೇಲಿರ್ಲಿ. ಕೆಳಗೆ ಜಾಗ ಬಿಡು.

— ಊರಿನ ಹೆಸರಿಗೆ?

— ಊರಿನ ಹೆಸರು, ಕೆರೆ ಹೆಸರು, ಮತ್ತೆ ಅವರಿಗೆ ಏನಾಗ್ಬೇಕು ಅನ್ನೋದು. ಒಂದೂರಲ್ಲಿ ತೂಬಿನ ಕಲ್ಲು ಮುರಿದೈತೆ. ಒಂದೂರಲ್ಲಿ ರಾಜಕಾಲುವೆ ಮೇಲೆ ಯಾರೋ ಕಾಂಪೌಂಡ್ ಕಟ್ಟವ್ರೆ. ಇನ್ನೊಂದೂರಲ್ಲಿ ಸರ್ವೆ ಮಾಡಿ ಗಡಿಕಲ್ಲು ನೆಡಿ ಅಂತ ಅರ್ಜಿ ಕೊಟ್ಟು ಚಪ್ಪಲಿ ಸವೆದೈತೆ. ಎಲ್ಲಕ್ಕೂ ‘ಉಳಿಸಿ’ ಅಂದ್ರೆ ಯಾವುದೂ ಉಳಿಯಲ್ಲ. ನೀನು ಮೇಲಿನ ಅರ್ಧ ಮಾತ್ರ ಅಚ್ಚು ಹಾಕ್ಸು, ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟು, ಒಂದೇ ಸಲಕ್ಕೆ ಸಾವಿರ. ಕೆಳಗಿನ ಅರ್ಧ ಖಾಲಿ. ಅವರೇ ಕೈಯಲ್ಲಿ ಬರ್ಕೊಳ್ಳಲಿ.

— ಅಕ್ಷರ ಸೊಟ್ಟಗಿದ್ರೆ? ಕಾಗುಣಿತ ತಪ್ಪಿದ್ರೆ?

— ರಾತ್ರಿ ಹನ್ನೊಂದಕ್ಕೆ ಫೋನಾದ್ರೂ ನಿಲ್ತದೆ.

— ಅದಿರ್ಲಿ ತಾತ, ನಂಗೆ ಇನ್ನೊಂದು ಭಯ. ಇಷ್ಟು ಸುಲಭ ಮಾಡಿದ್ರೆ ಯಾರು ಬೇಕಾದ್ರೂ ಎತ್ಕೊಂಡು ಹೋಗ್ತಾರೆ. ಹಾಲ್ಟಮ್ ತಮ್ಮ ಗುರುತಿಗೆ ಹಕ್ಕುಸ್ವಾಮ್ಯ ಮಾಡಿಸ್ಲೇ ಇಲ್ಲ, ಅದಕ್ಕೇ ಅದು ಲೋಕ ಸುತ್ತಿದ್ದು. ಅದಕ್ಕೇ ಕಿವಿಯೋಲೇನೂ ಆಗಿದ್ದು. ಆಮೇಲಾಮೇಲೆ ಅವರಿಗೇ ಅನ್ನಿಸ್ತಂತೆ, ಕವಲು ಕೆಳಗಿದ್ರೆ ಹತಾಶೆ ಥರ ಕಾಣುತ್ತೆ, ತಲೆಕೆಳಗು ಮಾಡಿ ಕೈ ಎತ್ತಿದ ಹಾಗೆ ಬರೀಬೇಕಿತ್ತು ಅಂತ. ಆದ್ರೆ ಅಷ್ಟೊತ್ತಿಗೆ ಲೋಕ ಅವರನ್ನ ಕೇಳೋ ಸ್ಥಿತಿ ದಾಟಿತ್ತು.

— ಹಸಿರು ಶಾಲಿಗೂ ಹಂಗೇ ಆಗ್ಲಿಲ್ವಾ? 1980ರಲ್ಲಿ ನರಗುಂದ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯ್ತಲ್ಲ, ಆ ಕಾಲದಲ್ಲಿ ರೈತ ಸಂಘ ಹುಟ್ಟಿದ್ದು. ನಂಜುಂಡಸ್ವಾಮಿಯವರ ಸಭೆಗೆ ಲಾರಿ ಲಾರಿ ಜನ ಹೋಗ್ತಿದ್ರು. ಹೆಗಲ ಮೇಲೆ ಹೇಗೂ ಟವೆಲ್ ಇರ್ತಿತ್ತು, ಅದನ್ನ ಹಸಿರು ಮಾಡಿದ್ರು, ಅಷ್ಟೇ. ಬೋರ್ಡು ಬೇಡ, ಬ್ಯಾನರ್ ಬೇಡ, ಬಸ್ಸಿಳಿದು ಬರೋನೇ ಬ್ಯಾನರ್ರು. ಕಚೇರಿ ಒಳಗೆ ಹೋದ್ರೆ ಕುರ್ಚಿ ಹಾಕ್ತಿದ್ರು. ಆಮೇಲೆ ಸಂಘ ಒಡೀತು, ಬಣ ಬಣಕ್ಕೂ ಅದೇ ಶಾಲು. ಈಗ ರಾಜಭವನದಲ್ಲಿ ಪ್ರಮಾಣವಚನಕ್ಕೂ ಹಸಿರು ಶಾಲು ಹೊದ್ಕೊಂಡು ಬರ್ತಾರೆ. ತಡೀತೀಯಾ? ಬಟ್ಟೆ ಅಂಗಡೀಲಿ ಸಿಗೋದನ್ನ ಹೆಂಗೆ ತಡೀತೀಯ?

— ಅದೇ ನಾನು ಹೇಳ್ತಿರೋದು. ನಾಳೆ ಕೆರೆ ಪಕ್ಕ ಲೇಔಟ್ ಮಾಡೋನು ‘ಕೆರೆ ನೋಟದ ನಿವೇಶನ’ ಅಂತ ಬೋರ್ಡ್ ಹಾಕಿ ಮೂಲೇಲಿ ನಮ್ಮ ತೂಬು ಬರೆಸಿದ್ರೆ?

— ಬರೆಸ್ತಾನೆ. ಗ್ಯಾರಂಟಿ ಬರೆಸ್ತಾನೆ. ಆದ್ರೆ ಅವನ ಬೋರ್ಡಿನ ಕೆಳಗಿನ ಅರ್ಧದಲ್ಲಿ ಏನು ಬರೀತಾನೆ? ‘ರಾಜಕಾಲುವೆ ಮೇಲಿನ ಕಾಂಪೌಂಡ್ ತೆಗೆಸಿ’ ಅಂತ ಬರೀತಾನಾ? ಬರೀ ತೂಬಿದ್ದು ಕೆಳಗೆ ಖಾಲಿ ಇದ್ರೆ ಅದು ನಮ್ಮದಲ್ಲ ಅಂತ ಜನಕ್ಕೆ ಹೇಳು. ಕೇಳೋದು ಬರೆದಿದ್ರೆ ಮಾತ್ರ ನಮ್ಮದು.

— ಜನ ಅಷ್ಟು ಗಮನಿಸ್ತಾರಾ?

— ಗೊತ್ತಿಲ್ಲ. ಸಗಣಿನೀರು ಎರಚಿದ ಮುದುಕಿಗೆ ಓದೋಕೆ ಬರ್ತಿರ್ಲಿಲ್ಲ, ಆದ್ರೂ ಗಮನಿಸಿದ್ಳು. ಏಯ್, ಬಾರೋ ಇಲ್ಲಿ! ಬ್ಯಾಟು ಅಲ್ಲೇ ಇಡು. ಈ ಅಕ್ಕನ ಪುಸ್ತಕದಲ್ಲಿ ಒಂದು ಚಿತ್ರ ಐತೆ, ಹತ್ತು ಎಣಿಸೋವರೆಗೂ ನೋಡು. ಹಾಂ, ಮುಚ್ಚಮ್ಮ. ತಗೋ ಸೀಮೆಸುಣ್ಣ. ನೆಲದ ಮೇಲೆ ಬರಿ.

— ಬರೆದ! ಅಡ್ಡಗಲ್ಲು ಎರಡೂ ಕಡೆ ಆಚೆ ಚಾಚಿದೆ. ಕಂಬ ಒಂದು ವಾಲಿದೆ. ಪುಟ್ಟಾ, ಇದೇನು ಗೊತ್ತಾ?

— ಗೋಲ್ ಪೋಸ್ಟ್.

— ತಾತ! ಗೋಲ್ ಪೋಸ್ಟ್ ಅಂತೆ!

— ಅವನ ತಪ್ಪೇನು. ತೂಬು ಅವನೆಲ್ಲಿ ನೋಡವ್ನೆ? ನಮ್ಮ ಕೆರೆ ತೂಬಿನ ಸುತ್ತ ಜಾಲಿ ಬೆಳೆದು ಹದಿನೈದು ವರ್ಷ ಆಯ್ತು. ಬಾಗಿರೋ ಗೆರೆ ಏನೋ ಮರೀ?

— ಬೆಟ್ಟ. ಇಲ್ಲ... ಏರಿ? ನಮ್ಮಜ್ಜಿ ದನ ಹೊಡ್ಕೊಂಡು ಹೋಗ್ತಾರಲ್ಲ, ಅದಾ? ಅದ್ರ ಮೇಲೆ ಯಾಕೆ ಬಾಗಿಲು ಇದೆ?

— ಬಾಗಿಲು ಅಂದ! ತಾತ, ಎಳೆದ ಗೆರೆ ಸ್ವಲ್ಪ ದಪ್ಪ ಮಾಡಿ, ಅಡ್ಡಗಲ್ಲಲ್ಲಿ ತೂತು ತೋರಿಸಿ, ನೀರಿಗೆ ಇನ್ನೊಂದು ಅಲೆ ಸೇರಿಸಿದ್ರೆ...

— ಸೇರಿಸಬೇಡ. ಐದನೇ ಗೆರೆ ಬಂದ್ರೆ ಆರನೇದೂ ಬರ್ತದೆ. ಮಗು ಬಾಗಿಲು ಯಾಕೈತೆ ಅಂತ ಕೇಳ್ತಾವ್ನೆ, ಬಿಸಿಲಿಳಿದ ಮೇಲೆ ಕರ್ಕೊಂಡು ಹೋಗಿ ತೋರ್ಸು. ಒಳಗೆ ಬಾಗಿಲ ಹಿಂದೆ ಕುಡುಗೋಲೈತೆ, ಎತ್ಕೋ. ಜಾಲಿ ಸವರದೆ ತೂಬಿನ ಹತ್ರ ಹೋಗೋಕಾಗಲ್ಲ.